ಒಂದು ಸಾವಿಗೆ ನಾಲ್ಕೇ ಗಾಯ! ಕಾರ್ಖಾನೆಗಳ ಲೆಕ್ಕದಲ್ಲಿ ಉಳಿದ ಅಪಘಾತಗಳು ಎಲ್ಲಿ ಹೋದವು?

ದೇಶದ ನೋಂದಾಯಿತ ಕಾರ್ಖಾನೆಗಳಲ್ಲಿ 2017ರಿಂದ 2020ರವರೆಗೆ ದಿನಕ್ಕೆ ಸರಾಸರಿ ಮೂವರು ಕಾರ್ಮಿಕರು ಸತ್ತಿದ್ದಾರೆ, 11 ಮಂದಿ ಗಾಯಗೊಂಡಿದ್ದಾರೆ. ಕೇಂದ್ರ ಕಾರ್ಮಿಕ ಸಚಿವಾಲಯದ ಅಡಿಯಲ್ಲಿ ಮುಂಬೈನಿಂದ ಕೆಲಸ ಮಾಡುವ ಡಿಜಿಫಾಸ್ಲಿ ಸಂಸ್ಥೆಯಿಂದ ಇಂಡಿಯಾಸ್ಪೆಂಡ್ ಜಾಲತಾಣ ಮಾಹಿತಿ ಹಕ್ಕಿನಡಿ ಪಡೆದ ಲೆಕ್ಕವಿದು. ವರ್ಷಕ್ಕೆ ಹೇಳುವುದಾದರೆ ಸರಾಸರಿ 1,109 ಸಾವು, ನಾಲ್ಕು ಸಾವಿರಕ್ಕೂ ಸ್ವಲ್ಪ ಹೆಚ್ಚು ಗಾಯಾಳುಗಳು.

ಸಾವಿನ ಸಂಖ್ಯೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಸುರಕ್ಷತಾ ತಜ್ಞರ ಹುಬ್ಬೇರಿಸುವುದು ಎರಡನೇ ಸಂಖ್ಯೆ. ಒಬ್ಬರು ಸತ್ತರೆ ಗಾಯಗೊಂಡವರು ಬರೀ ನಾಲ್ವರು ಅಂದರೆ ಏನರ್ಥ? ಭಾರತದ ಕಾರ್ಖಾನೆಗಳಲ್ಲಿ ಅಪಘಾತವಾದರೆ ಬದುಕುಳಿಯುವವರೇ ಕಡಿಮೆ ಎಂದೇ? ಅಥವಾ ಬದುಕುಳಿದವರ ಗಾಯ ಯಾವ ಪುಸ್ತಕಕ್ಕೂ ಏರುತ್ತಿಲ್ಲ ಎಂದೇ?

ಲೆಕ್ಕ ಎಲ್ಲಿ ತಪ್ಪುತ್ತಿದೆ?

ಬ್ರಿಟನ್ನಿನ ಲೆಕ್ಕ ನೋಡಿ. ಅಲ್ಲಿ 2023-24ರಲ್ಲಿ ಕೆಲಸದ ಜಾಗದ ಅಪಘಾತಗಳಲ್ಲಿ ಸತ್ತವರು 138 ಮಂದಿ. ಅದೇ ವರ್ಷ ಮಾಲೀಕರು ತಾವೇ ಸರ್ಕಾರಕ್ಕೆ ವರದಿ ಮಾಡಿದ ಗಾಯದ ಪ್ರಕರಣಗಳು 61,663. ಅಂದರೆ ಒಂದು ಸಾವಿಗೆ ಸುಮಾರು 447 ಗಾಯ. ಇಷ್ಟಾದರೂ ಅಲ್ಲಿನ ಸುರಕ್ಷತಾ ಇಲಾಖೆ ಈ ಸಂಖ್ಯೆಯನ್ನು ಪೂರ್ತಿ ನಂಬುವುದಿಲ್ಲ. ಮನೆಮನೆಯ ಸಮೀಕ್ಷೆಯಲ್ಲಿ ಕೆಲಸದ ವೇಳೆ ಗಾಯವಾಯಿತು ಎಂದವರ ಸಂಖ್ಯೆ 6.04 ಲಕ್ಷ. ಅವೆಲ್ಲವೂ ವರದಿ ಮಾಡಲೇಬೇಕಾದ ಗಾಯಗಳಲ್ಲ ನಿಜ. ಆದರೆ ಮಾಲೀಕರು ಕೊಡುವ ಲೆಕ್ಕ ಒಂದು ಭಾಗ ಮಾತ್ರ ಎಂಬುದನ್ನು ಆ ದೇಶ ಒಪ್ಪಿಕೊಂಡು, ಎರಡೂ ಸಂಖ್ಯೆಯನ್ನು ಪಕ್ಕಪಕ್ಕದಲ್ಲಿ ಪ್ರಕಟಿಸುತ್ತದೆ.

ಎರಡು ದೇಶಗಳ ಲೆಕ್ಕವನ್ನು ನೇರವಾಗಿ ತೂಗಲಾಗದು. ಬ್ರಿಟನ್ನಿನದು ಎಲ್ಲ ಉದ್ಯೋಗಗಳ ಲೆಕ್ಕ, ನಮ್ಮದು ನೋಂದಾಯಿತ ಕಾರ್ಖಾನೆಗಳದ್ದು ಮಾತ್ರ. ಆದರೂ ಒಂದು ಅಂಶ ಗಮನಿಸಬೇಕು. ಬ್ರಿಟನ್ನಿನಲ್ಲಿ ಮೂಳೆ ಮುರಿತ, ಅಂಗಚ್ಛೇದದಂಥ ಪ್ರಕರಣ ಬಿಟ್ಟರೆ, ಏಳು ದಿನಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬಾರದಂತೆ ಮಾಡಿದ ಗಾಯವನ್ನಷ್ಟೇ ವರದಿ ಮಾಡಬೇಕು. ಭಾರತದಲ್ಲಿ 48 ಗಂಟೆ ಕೆಲಸ ತಪ್ಪಿದರೂ ವರದಿ ಕಡ್ಡಾಯ. ಹಾಗೆ ನೋಡಿದರೆ ನಮ್ಮಲ್ಲಿ ಗಾಯದ ಸಂಖ್ಯೆ ಇನ್ನೂ ಹೆಚ್ಚಿರಬೇಕಿತ್ತು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜೂ ಇದನ್ನೇ ಹೇಳುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಕೆಲಸದ ಅಪಘಾತಗಳಿಂದ ಸಾಯುವವರು ಸುಮಾರು 3.3 ಲಕ್ಷ, ಗಾಯಗೊಳ್ಳುವವರು 39.5 ಕೋಟಿ. ಸಾವಿರ ಗಾಯಕ್ಕೆ ಒಂದು ಸಾವೂ ಇಲ್ಲ.

ಸಾವನ್ನು ಮುಚ್ಚಿಡುವುದು ಕಷ್ಟ. ಪೊಲೀಸರು ಬರುತ್ತಾರೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ, ಊರಿನಿಂದ ಬಂಧುಗಳು ಬಂದು ಗೇಟಿನ ಮುಂದೆ ಕೂರುತ್ತಾರೆ. ಆದರೆ ತುಂಡಾದ ಬೆರಳು, ಸುಟ್ಟ ಮುಂಗೈ, ಜಖಂಗೊಂಡ ಬೆನ್ನು ಹಾಗಲ್ಲ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬ್ಯಾಂಡೇಜು, ಕೈಗೆ ಒಂದಿಷ್ಟು ದುಡ್ಡು, ಊರಿಗೆ ಹೋಗಿ ಸುಧಾರಿಸಿಕೊಂಡು ಬಾ ಎಂಬ ಮಾತು. ಅಲ್ಲಿಗೆ ಅಪಘಾತ ಮುಗಿಯಿತು.

ಕಾನೂನು ಏನು ಹೇಳುತ್ತದೆ?

ಅಪಘಾತವನ್ನು ಬೇಗ ವರದಿ ಮಾಡಬೇಕೆಂಬ ನಿಯಮ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯ 88ನೇ ಕಲಂ ಪ್ರಕಾರ ಸಾವು ಸಂಭವಿಸಿದರೆ ಅಥವಾ ಗಾಯಾಳು 48 ಗಂಟೆ ಇಲ್ಲವೇ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಕಾರ್ಖಾನೆಯ ವ್ಯವಸ್ಥಾಪಕರು ಇಲಾಖೆಗೆ ನೋಟಿಸ್ ಕಳಿಸಬೇಕಿತ್ತು. ಯಾರಿಗೂ ಗಾಯವಾಗದಿದ್ದರೂ ಅಪಾಯಕಾರಿ ಘಟನೆ ನಡೆದರೆ 88ಎ ಕಲಂ ಅಡಿ ತಿಳಿಸಬೇಕಿತ್ತು. ಸೀಸದ ವಿಷ, ಸಿಲಿಕೋಸಿಸ್‌ನಂಥ ಉದ್ಯೋಗ ಸಂಬಂಧಿ ಕಾಯಿಲೆಗಳಿಗೆ 89ನೇ ಕಲಂ ಇತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಕಾರ್ಖಾನೆ ಕಾಯ್ದೆ ಸೇರಿ 13 ಕಾನೂನುಗಳು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿಕೊಂಡವು. ಅದರ 10, 11 ಮತ್ತು 12ನೇ ಕಲಂಗಳು ಕ್ರಮವಾಗಿ ಅಪಘಾತ, ಅಪಾಯಕಾರಿ ಘಟನೆ, ಕಾಯಿಲೆಗಳ ವರದಿಗೆ ಸಂಬಂಧಿಸಿದವು. 48 ಗಂಟೆಯ ಮಾನದಂಡ ಹಾಗೆಯೇ ಉಳಿದಿದೆ.

ಕಾರ್ಮಿಕ ರಾಜ್ಯ ವಿಮೆ, ಅಂದರೆ ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ಇನ್ನೊಂದು ಗಡುವು ಇದೆ. ಪ್ರತಿ ಸಂಸ್ಥೆಯೂ ಅಪಘಾತ ಪುಸ್ತಕ ಇಡಬೇಕು. ಅದು ಫಾರಂ 11. ಜೀವಕ್ಕೆ ಅಪಾಯ ಅಥವಾ ಶಾಶ್ವತ ಅಂಗವೈಕಲ್ಯದ ಸಾಧ್ಯತೆ ಇರುವ ಗಂಭೀರ ಗಾಯವಾದರೆ ತಕ್ಷಣ, ಉಳಿದ ಗಾಯಗಳಾದರೆ ವಿಷಯ ತಿಳಿದ 24 ಗಂಟೆಯೊಳಗೆ ಮಾಲೀಕರು ಅಪಘಾತ ವರದಿ ಸಲ್ಲಿಸಬೇಕು. ಅದು ಫಾರಂ 12. ಈಗ ಅದನ್ನು ಇಎಸ್‌ಐ ನಿಗಮದ ಪೋರ್ಟಲ್‌ನಲ್ಲೇ ತುಂಬಬಹುದು, ಕಚೇರಿಗೆ ಅಲೆಯಬೇಕಿಲ್ಲ.

ಹಾಗಿದ್ದರೂ ಮುಚ್ಚಿಡುವುದೇಕೆ?

ವರದಿ ಮಾಡಿದರೆ ತೊಂದರೆ, ಮಾಡದಿದ್ದರೆ ಏನೂ ಆಗುವುದಿಲ್ಲ ಎಂಬ ಅನುಭವವೇ ಇದರ ಬುಡದಲ್ಲಿದೆ. ಇಲಾಖೆಯ ಅಂಕಿಅಂಶದ ಪ್ರಕಾರ 2018ರಿಂದ 2020ರ ನಡುವೆ ಕಾರ್ಖಾನೆಗಳಲ್ಲಿ 3,331 ಸಾವು ದಾಖಲಾದವು. ಕಾರ್ಖಾನೆ ಕಾಯ್ದೆಯಡಿ ಜೈಲು ಶಿಕ್ಷೆಯಾದದ್ದು 14 ಮಂದಿಗೆ. ಸಾವಿನ ಪ್ರಕರಣಗಳ ಪಾಡೇ ಹೀಗಿರುವಾಗ ಬೆರಳು ಹೋದ ಪ್ರಕರಣವನ್ನು ಯಾರು ಕೇಳುತ್ತಾರೆ?

ಮಾಲೀಕರ ಲೆಕ್ಕಾಚಾರ ಬೇರೆಯೇ ಇರುತ್ತದೆ. ವರದಿ ಹೋದರೆ ಇನ್‌ಸ್ಪೆಕ್ಟರ್ ಬರಬಹುದು, ಯಂತ್ರ ನಿಲ್ಲಬಹುದು. ದೊಡ್ಡ ಕಂಪನಿಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕವಾದರೆ ಆರ್ಡರ್ ಕೈತಪ್ಪುವ ಭಯ. ಇನ್ನು ಗೇಟಿನ ಬಳಿ ತೂಗುಹಾಕುವ 'ಅಪಘಾತವಿಲ್ಲದ ಇಷ್ಟು ದಿನಗಳು' ಎಂಬ ಫಲಕ. ಸುರಕ್ಷತೆಯ ಬಗ್ಗೆ ಹೆಮ್ಮೆ ಮೂಡಲಿ ಎಂದು ಹಾಕಿದ್ದು ಅದು. ಆದರೆ ಆ ಸಂಖ್ಯೆಗೆ ಬೋನಸ್, ಬಹುಮಾನ ಅಂಟಿಕೊಂಡರೆ, ಸಂಖ್ಯೆ ಸೊನ್ನೆಗಿಳಿಯದಂತೆ ನೋಡಿಕೊಳ್ಳುವುದೇ ಸೂಪರ್‌ವೈಸರ್ ಕೆಲಸವಾಗುತ್ತದೆ. ಗಾಯಗೊಂಡವನ ಮೇಲೆ ಜೊತೆಗಾರರೇ ಮುನಿಸಿಕೊಳ್ಳುತ್ತಾರೆ.

ಗುತ್ತಿಗೆ ಪದ್ಧತಿ ಇದನ್ನು ಇನ್ನಷ್ಟು ಸುಲಭ ಮಾಡಿದೆ. ಕಾರ್ಖಾನೆಯವರನ್ನು ಕೇಳಿದರೆ ಅವನು ನಮ್ಮವನಲ್ಲ, ಗುತ್ತಿಗೆದಾರನ ಆಳು ಎನ್ನುತ್ತಾರೆ. ಗುತ್ತಿಗೆದಾರ ಫೋನ್ ಎತ್ತುವುದಿಲ್ಲ.

ಕಾರ್ಮಿಕನೂ ಬಾಯಿ ಬಿಡುವುದಿಲ್ಲ. ಹೇಳಿದರೆ ನಾಳೆಯಿಂದ ಕೆಲಸ ಇರುತ್ತದೋ ಇಲ್ಲವೋ. ನನ್ನದೇ ತಪ್ಪು ಎಂಬ ಅಳುಕು ಬೇರೆ. ಯಂತ್ರದ ಗಾರ್ಡ್ ತೆಗೆದಿಟ್ಟು ಕೆಲಸ ಮಾಡಿಸಿದವರು ಯಾರೇ ಇರಲಿ, ಕೈ ಹಾಕಿದವನು ತಾನೇ ಅಲ್ಲವೇ ಎಂದು ಅವನಿಗನ್ನಿಸುತ್ತದೆ. ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದೆ' ಎನ್ನು ಎಂದು ಜೊತೆಗೆ ಬಂದವರು ಹೇಳಿಕೊಟ್ಟರೆ ಹಾಗೆಯೇ ಹೇಳಿಬಿಡುತ್ತಾನೆ.

ಆ ಒಂದು ಮಾತಿನ ಬೆಲೆ ಎಷ್ಟು?

'ಮನೆಯಲ್ಲಿ ಬಿದ್ದೆ' ಎಂಬ ಮಾತಿನಿಂದ ಆಗುವ ನಷ್ಟವನ್ನು ರೂಪಾಯಿಯಲ್ಲೇ ಲೆಕ್ಕ ಹಾಕಬಹುದು. ಉದಾಹರಣೆಗೆ, ತಿಂಗಳಿಗೆ 18,000 ರೂ. ವೇತನ ಪಡೆಯುವ, ಇಎಸ್‌ಐ ಇರುವ ಕಾರ್ಮಿಕನನ್ನು ತೆಗೆದುಕೊಳ್ಳೋಣ.

ಗಾಯ ಕೆಲಸದಲ್ಲೇ ಆದದ್ದು ಎಂದು ದಾಖಲಾದರೆ ಅವನಿಗೆ ಸಿಗುವುದು ತಾತ್ಕಾಲಿಕ ಅಂಗವೈಕಲ್ಯ ಸೌಲಭ್ಯ. ವೇತನದ ಶೇ. 90, ಅಂದರೆ ತಿಂಗಳಿಗೆ ಸುಮಾರು 16,200 ರೂ. ಗುಣವಾಗುವವರೆಗೂ ಇದು ಸಿಗುತ್ತದೆ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಅನ್ವಯ. ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ.

ಅದೇ ಗಾಯ ಬರೀ ಕಾಯಿಲೆ ಎಂದು ದಾಖಲಾದರೆ ಸಿಗುವುದು ಶೇ. 70, ಅಂದರೆ ಸುಮಾರು 12,600 ರೂ. ಅದೂ ವರ್ಷಕ್ಕೆ 91 ದಿನ ಮಾತ್ರ, ಅದಕ್ಕೂ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು.

ನಿಜವಾದ ಹೊಡೆತ ಬೀಳುವುದು ಆಮೇಲೆ. ಕೆಲಸದ ಗಾಯದಿಂದ ಶಾಶ್ವತ ಊನವಾದರೆ ಗಳಿಕೆಯ ಸಾಮರ್ಥ್ಯ ಎಷ್ಟು ಕುಗ್ಗಿತು ಎಂಬುದರ ಮೇಲೆ ಜೀವನಪೂರ್ತಿ ತಿಂಗಳ ಹಣ ಬರುತ್ತದೆ. ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14. ಮೇಲಿನ ಕಾರ್ಮಿಕ ಹೆಬ್ಬೆರಳು ಕಳೆದುಕೊಂಡರೆ 16,200ರ ಶೇ. 30, ಅಂದರೆ ತಿಂಗಳಿಗೆ ಸುಮಾರು 4,860 ರೂ. ಬದುಕಿರುವಷ್ಟು ಕಾಲ ಸಿಗಬೇಕು. 25 ವಯಸ್ಸಿನವನಿಗೆ ಇದು ದಶಕಗಳ ಹಣ. ಗುತ್ತಿಗೆದಾರ ಕೈಗಿಟ್ಟ ಒಂದಿಷ್ಟು ಸಾವಿರ ರೂಪಾಯಿ ಇದಕ್ಕೆ ಯಾವ ಲೆಕ್ಕ?

ಇಎಸ್‌ಐ ಇಲ್ಲದವರಿಗೆ 1923ರ ಕಾಯ್ದೆಯಿಂದ ಬಂದ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿರುವ ಪರಿಹಾರದ ಹಕ್ಕಿದೆ. ಅರ್ಜಿ ಹಾಕಲು ಎರಡು ವರ್ಷ ಕಾಲಾವಕಾಶ. ಪರಿಹಾರ ಒಂದು ತಿಂಗಳು ತಡವಾದರೆ ಶೇ. 12 ಬಡ್ಡಿ. ಕಾರಣವಿಲ್ಲದೆ ತಡ ಮಾಡಿದರೆ ಪರಿಹಾರದ ಅರ್ಧದಷ್ಟರವರೆಗೆ ದಂಡ. ಪರಿಹಾರದ ಹೊಣೆ ಹುಟ್ಟುವುದು ಅಪಘಾತವಾದ ದಿನವೇ, ಅಧಿಕಾರಿ ಆದೇಶ ಹೊರಡಿಸಿದ ದಿನವಲ್ಲ ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಎಡಗೈ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣವದು. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂದು ಕೋರ್ಟ್ ಒಪ್ಪಿತು.

ಸಣ್ಣ ಗಾಯ ಹೇಳುವ ದೊಡ್ಡ ಮಾತು

ವರದಿ ಬೇಕಿರುವುದು ಪರಿಹಾರಕ್ಕಷ್ಟೇ ಅಲ್ಲ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್‌ರಿಚ್ 1931ರಲ್ಲಿ ಒಂದು ಸೂತ್ರ ಮುಂದಿಟ್ಟರು: ಒಂದು ಗಂಭೀರ ಅಪಘಾತದ ಹಿಂದೆ 29 ಸಣ್ಣ ಗಾಯಗಳು, ಗಾಯವೇ ಆಗದೆ ತಪ್ಪಿದ 300 ಘಟನೆಗಳು ಇರುತ್ತವೆ. ಈ ಅಂಕಿಗಳ ಬಗ್ಗೆ ಇಂದಿಗೂ ತಕರಾರಿದೆ. ಆದರೆ ದೊಡ್ಡ ದುರಂತ ಬರುವ ಮೊದಲು ಸುಳಿವು ಕೊಡುತ್ತದೆ ಎಂಬ ಮಾತನ್ನು ನಮ್ಮ ದೇಶದಷ್ಟು ನೋವಿನಿಂದ ಕಲಿತವರು ಕಡಿಮೆ.

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರ್‌ನಲ್ಲಿ ಫಾಸ್ಜೀನ್ ಅನಿಲ ತಗುಲಿ ಒಬ್ಬ ಕಾರ್ಮಿಕ ಸತ್ತ. ಮರು ತಿಂಗಳೇ ಇನ್ನೊಂದು ಸೋರಿಕೆಯಲ್ಲಿ ಹಲವರು ಆಸ್ಪತ್ರೆ ಸೇರಿದರು. ಸ್ಥಳೀಯ ಪತ್ರಕರ್ತ ರಾಜ್‌ಕುಮಾರ್ ಕೇಸ್ವಾನಿ 1982ರಿಂದಲೇ ಎಚ್ಚರಿಸುತ್ತ ಬಂದರು. 1984ರ ಡಿಸೆಂಬರ್ 2ರ ರಾತ್ರಿ ಏನಾಯಿತೆಂಬುದು ಜಗತ್ತಿಗೇ ಗೊತ್ತು.

ಹೈದರಾಬಾದ್ ಸಮೀಪದ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಸಿಗಾಚಿ ಇಂಡಸ್ಟ್ರೀಸ್ ಘಟಕ ಸ್ಫೋಟಗೊಂಡು 40ಕ್ಕೂ ಹೆಚ್ಚು ಮಂದಿ ಸತ್ತರು. ಯಂತ್ರ ಹಳೆಯದಾಗಿದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ ಎಂಬುದು ಮೃತರೊಬ್ಬರ ಮನೆಯವರು ಪೊಲೀಸರಿಗೆ ಕೊಟ್ಟ ದೂರಿನಲ್ಲಿರುವ ಆರೋಪ. ಆ ಹೊತ್ತಿಗೆ ಒಳಗೆ ಎಷ್ಟು ಜನರಿದ್ದರು ಎಂಬುದೇ ಮೊದಲ ದಿನಗಳಲ್ಲಿ ಸ್ಪಷ್ಟವಾಗಲಿಲ್ಲ. ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆ ಬೇಕಾಯಿತು.

ಗುರುಗ್ರಾಮ, ಮಾನೇಸರ್ ಪಟ್ಟಿಯ ವಾಹನ ಬಿಡಿಭಾಗ ಕಾರ್ಖಾನೆಗಳ ಗಾಯಾಳುಗಳ ಜೊತೆ ಕೆಲಸ ಮಾಡುವ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ವರ್ಷವರ್ಷ ವರದಿ ತರುತ್ತಿದೆ. ಅದರ ಹೆಸರೇ 'ಕ್ರಷ್ಡ್'. ಪವರ್ ಪ್ರೆಸ್‌ಗೆ ಸಿಕ್ಕಿ ಬೆರಳು ಕಳೆದುಕೊಳ್ಳುವುದು ಅಲ್ಲಿ ಸಾಮಾನ್ಯ. ಸುರಕ್ಷತಾ ಸೆನ್ಸರ್ ಇಲ್ಲದ ಯಂತ್ರಗಳು, ಗುತ್ತಿಗೆ ಕಾರ್ಮಿಕರು, ಅಪಘಾತವಾದ ಮೇಲಷ್ಟೇ ಕೈಸೇರುವ ಇಎಸ್‌ಐ ಕಾರ್ಡು. ಪ್ರತಿ ವರದಿಯಲ್ಲೂ ಇದೇ ಚಿತ್ರ. ಹರಿಯಾಣ ಸರ್ಕಾರ ಇಡೀ ರಾಜ್ಯಕ್ಕೆ ತೋರಿಸುವ ಗಾಯಾಳುಗಳಿಗಿಂತ ತಾನೊಂದೇ ನೆರವಾದವರ ಸಂಖ್ಯೆ ಹೆಚ್ಚು ಎಂದು ಆ ಸಂಸ್ಥೆ ಹೇಳುತ್ತ ಬಂದಿದೆ. ಮೊದಲ ಬೆರಳು ಹೋದಾಗಲೇ ವರದಿಯಾಗಿ, ಪ್ರೆಸ್‌ಗೆ ಸೆನ್ಸರ್ ಬಿದ್ದಿದ್ದರೆ ಅದೇ ಯಂತ್ರಕ್ಕೆ ಮತ್ತೊಬ್ಬನ ಬೆರಳು ಬಲಿಯಾಗುತ್ತಿರಲಿಲ್ಲ.

ಊರು ಬಿಟ್ಟು ಬಂದವರ ಕಷ್ಟವೇ ಬೇರೆ

ಮುಂಬೈ, ಪುಣೆಯ ಕಟ್ಟಡಗಳಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯವರು ಗಾರೆ ಕೆಲಸ ಮಾಡುತ್ತಾರೆ. ಹೋಟೆಲುಗಳ ಅಡುಗೆಮನೆಗಳಲ್ಲಿ ಉಡುಪಿ, ಕುಂದಾಪುರದ ಹುಡುಗರಿದ್ದಾರೆ. ಇವರಲ್ಲಿ ಬಹುತೇಕರು ಕಾರ್ಖಾನೆಗಳ ಲೆಕ್ಕದಲ್ಲೇ ಇಲ್ಲ. ಸಾರುವೆಯಿಂದ ಬಿದ್ದದ್ದು, ಕುದಿಯುವ ಎಣ್ಣೆ ಮೈಮೇಲೆ ಚೆಲ್ಲಿದ್ದು ಡಿಜಿಫಾಸ್ಲಿಯ ಕಾರ್ಖಾನೆ ಅಂಕಿಅಂಶಕ್ಕೆ ಸೇರುವುದಿಲ್ಲ.

ಆದರೆ ಹಕ್ಕು ಇಲ್ಲವೆಂದಲ್ಲ. ಹತ್ತು ಮತ್ತು ಹೆಚ್ಚು ನೌಕರರಿರುವ ಹೋಟೆಲು, ಅಂಗಡಿಗೂ ಇಎಸ್‌ಐ ಅನ್ವಯವಾಗುತ್ತದೆ. ವೇತನ ತಿಂಗಳಿಗೆ 21,000 ರೂ. ಮೀರಿರಬಾರದು. ವೇತನದಿಂದ ಶೇ. 0.75 ಕಡಿತವಾಗುತ್ತಿದೆಯೇ, ತನ್ನ ಹೆಸರಿಗೆ ವಿಮಾ ಸಂಖ್ಯೆ ಇದೆಯೇ ಎಂಬುದನ್ನು ಗಾಯವಾಗುವ ಮೊದಲೇ ನೋಡಿಕೊಳ್ಳಬೇಕು. ಆ ಸಂಖ್ಯೆ ಊರಿಗೆ ಹೋದರೂ ಬದಲಾಗದು. ಮುಂಬೈನಲ್ಲಿ ಗಾಯಗೊಂಡವರು ಊರಿಗೆ ಮರಳಿದ ಮೇಲೂ ಕರ್ನಾಟಕದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು. ಅದಕ್ಕೆ ಬೇಕಿರುವುದು ಅಪಘಾತ ನಡೆದ ಊರಿನಲ್ಲೇ ಆದ ದಾಖಲೆ. ಗಾಯದೊಂದಿಗೆ ರೈಲು ಹತ್ತಿಬಿಟ್ಟರೆ ಸಾಕ್ಷಿ ಹೇಳುವವರು ಅಲ್ಲೇ ಉಳಿದುಬಿಡುತ್ತಾರೆ.

ಹೊಸ ಸಂಹಿತೆ ಬದಲಾಯಿಸಿದ್ದೇನು?

ಒಳ್ಳೆಯ ಅಂಶಗಳಿವೆ. ಕರ್ತವ್ಯಲೋಪದಿಂದ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ರೂ. ದಂಡ, ಇಲ್ಲವೇ ಎರಡೂ. ಗಂಭೀರ ಗಾಯವಾದರೆ ಒಂದು ವರ್ಷದವರೆಗೆ ಜೈಲು ಅಥವಾ 2ರಿಂದ 4 ಲಕ್ಷ ರೂ. ದಂಡ, ಇಲ್ಲವೇ ಎರಡೂ. ದಂಡದ ಕನಿಷ್ಠ ಅರ್ಧ ಭಾಗವನ್ನು ಸಂತ್ರಸ್ತರಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನೂ ಕೆಲಸಕ್ಕೆ ಸಂಬಂಧವಿದ್ದರೆ ಕೆಲಸದ ಅಪಘಾತವೆಂದೇ ಸಾಮಾಜಿಕ ಭದ್ರತಾ ಸಂಹಿತೆ ಪರಿಗಣಿಸುತ್ತದೆ.

ಆತಂಕಗಳೂ ಇವೆ. ವಿದ್ಯುತ್ ಬಳಸುವ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕಾರ್ಮಿಕರು ಸಾಕಿತ್ತು. ಈಗ 20 ಬೇಕು. ಹತ್ತು ಜನರಿರುವ ಯಾವುದೇ ಸಂಸ್ಥೆಗೆ ಅಪಘಾತ ವರದಿ ಕಡ್ಡಾಯ ಎಂಬ ನಿಯಮ ಸಂಹಿತೆಯಲ್ಲಿದೆ. ಆದರೆ ಕಾರ್ಖಾನೆಯ ಪಟ್ಟಿಯಿಂದಲೇ ಹೊರಬಿದ್ದ ಸಣ್ಣ ಘಟಕಗಳನ್ನು ಯಾರು ಹೋಗಿ ನೋಡುತ್ತಾರೆ? ಗುತ್ತಿಗೆ ಕಾರ್ಮಿಕರ ಅಧ್ಯಾಯ ಅನ್ವಯವಾಗಲು ಇದ್ದ 20ರ ಮಿತಿ 50ಕ್ಕೆ ಏರಿದೆ. ಕಾರ್ಖಾನೆಯ ಸಾವಿನ ಬಗ್ಗೆ ಅಧಿಕಾರಿ ವಿಚಾರಣೆ ನಡೆಸಲು ಹಿಂದೆ ಒಂದು ತಿಂಗಳ ಗಡುವಿತ್ತು. ಈಗ ಎರಡು ತಿಂಗಳು. ಇನ್‌ಸ್ಪೆಕ್ಟರ್ ಈಗ 'ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್' ಆಗಿದ್ದಾರೆ, ಅಂದರೆ ತಪಾಸಣೆಯ ಜೊತೆ ಮಾಲೀಕರಿಗೆ ಸಲಹೆ ಕೊಡುವ ಕೆಲಸವೂ ಅವರದೇ.

ಹಳೆಯ ಗಣಿ ಕಾಯ್ದೆಯಲ್ಲಿ ಒಂದು ಸರಳ ನಿಯಮವಿತ್ತು. ಅಪಘಾತದ ನೋಟಿಸ್ ಇಲಾಖೆಗೆ ಹೋದ ದಿನವೇ ಅದರ ಪ್ರತಿಯನ್ನು ಕಾರ್ಮಿಕ ಸಂಘದವರಿಗೆ ಕಾಣುವಂತೆ ಗಣಿಯ ಫಲಕದಲ್ಲಿ ಅಂಟಿಸಿ ಕನಿಷ್ಠ 14 ದಿನ ಬಿಡಬೇಕಿತ್ತು. ಎಲ್ಲರ ಕಣ್ಣಿಗೆ ಬಿದ್ದದ್ದನ್ನು ತಿದ್ದುವುದು ಸುಲಭವಲ್ಲ. 'ಅಪಘಾತವಿಲ್ಲದ ದಿನ'ಗಳ ಫಲಕದ ಪಕ್ಕದಲ್ಲೇ ಪ್ರತಿ ಕಾರ್ಖಾನೆಯೂ ಹೀಗೊಂದು ನೋಟಿಸ್ ಹಾಕಬೇಕೆಂದು ರಾಜ್ಯಗಳು ತಮ್ಮ ನಿಯಮಗಳಲ್ಲಿ ಬರೆಯಲು ಖರ್ಚೇನೂ ಇಲ್ಲ.

ಗಾಯವಾದ ದಿನವೇ ಮಾಡಬೇಕಾದ್ದು

* ಸೂಪರ್‌ವೈಸರ್‌ಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ. ದಿನ, ಸಮಯ, ಯಂತ್ರ, ಜೊತೆಗಿದ್ದವರ ಹೆಸರು ಬರೆದು ವಾಟ್ಸ್‌ಆ್ಯಪ್ ಸಂದೇಶವನ್ನಾದರೂ ಕಳಿಸಿ. ಗಾಯಾಳುವಿಗೆ ಆಗದಿದ್ದರೆ ಜೊತೆಗಾರರು ಕಳಿಸಬಹುದು.
* ಅಪಘಾತ ಪುಸ್ತಕದಲ್ಲಿ ಬರೆಸಿ, ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ.
* ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಇದ್ದದ್ದನ್ನೇ ಹೇಳಿ. ಮುಂದೆ ಎಲ್ಲ ಅರ್ಜಿಗಳಿಗೂ ಮೊದಲ ದಿನದ ಕೇಸ್ ಶೀಟೇ ಆಧಾರ.
* ಮಾಲೀಕರು ಫಾರಂ 12 ಕಳಿಸದಿದ್ದರೆ ಹತ್ತಿರದ ಇಎಸ್‌ಐ ಶಾಖಾ ಕಚೇರಿಗೆ ನೇರವಾಗಿ ದೂರು ಕೊಡಿ.
* ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಇಎಸ್‌ಐ ಇಲ್ಲದ ಕಾರ್ಮಿಕ ಸತ್ತರೆ ಪರಿಹಾರದ ಹಣವನ್ನು ಮಾಲೀಕರು ಸಂಬಂಧಪಟ್ಟ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟು ಮುಗಿಸಿದೆವು ಎನ್ನುವಂತಿಲ್ಲ.
* ನೋಟಿಸ್ ಕೊಡಲು ತಡವಾಯಿತೆಂದು ಕೈಬಿಡಬೇಡಿ. ಮಾಲೀಕರಿಗೆ ಅಪಘಾತದ ವಿಷಯ ಬೇರೆ ದಾರಿಯಿಂದ ತಿಳಿದಿದ್ದರೆ ನೋಟಿಸ್ ಕೊಟ್ಟಿಲ್ಲವೆಂಬ ಒಂದೇ ಕಾರಣಕ್ಕೆ ಪರಿಹಾರ ತಪ್ಪುವುದಿಲ್ಲ.

ಅಮೆರಿಕದಲ್ಲಿ ಕೆಲಸದ ಸಾವನ್ನು 8 ಗಂಟೆಯೊಳಗೆ, ಅಂಗಚ್ಛೇದ ಅಥವಾ ಕಣ್ಣು ಹೋದ ಪ್ರಕರಣವನ್ನು 24 ಗಂಟೆಯೊಳಗೆ ವರದಿ ಮಾಡಬೇಕೆಂಬ ನಿಯಮ 2015ರಿಂದ ಇದೆ. ಗಡುವಿನ ವಿಷಯದಲ್ಲಿ ನಮ್ಮ ಕಾನೂನು ಹಿಂದೆ ಬಿದ್ದಿಲ್ಲ. ಕೊರತೆ ಇರುವುದು ವರದಿಯಾಗದ ಗಾಯವನ್ನು ಹುಡುಕುವವರದ್ದು.

ಹುಡುಕಲು ದಾರಿ ಇಲ್ಲವೆಂದಲ್ಲ. ಕೆಲಸದ ಗಾಯಕ್ಕೆ ಹಣ ಪಡೆದವರ ಪಟ್ಟಿ ಇಎಸ್‌ಐ ನಿಗಮದ ಬಳಿ ಇದೆ. ಅಪಘಾತದ ನೋಟಿಸ್ ಕಳಿಸಿದ ಕಾರ್ಖಾನೆಗಳ ಪಟ್ಟಿ ರಾಜ್ಯ ಕಾರ್ಖಾನೆ ಇಲಾಖೆಗಳ ಬಳಿ ಇದೆ. ಎರಡನ್ನೂ ಪ್ರತಿ ತಿಂಗಳು ಅಕ್ಕಪಕ್ಕ ಇಟ್ಟು ನೋಡಿದರೆ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಕಾರ್ಖಾನೆಗಳ ಹೆಸರು ತಾನಾಗಿಯೇ ಎದ್ದು ಕಾಣುತ್ತದೆ. ಹಾಗೆ ಮಾಡಿದ ವರ್ಷ ಗಾಯಾಳುಗಳ ಸಂಖ್ಯೆ ಒಮ್ಮೆಲೇ ಏರಬಹುದು. ಏರಿದರೆ ಅದನ್ನು ಕೆಟ್ಟ ಸುದ್ದಿ ಎಂದುಕೊಳ್ಳಬೇಕಿಲ್ಲ. ಇಷ್ಟು ವರ್ಷ ಲೆಕ್ಕದ ಹೊರಗೇ ಉಳಿದಿದ್ದವರು ಈಗ ಲೆಕ್ಕಕ್ಕೆ ಬಂದರು ಎಂದಷ್ಟೇ ಅದರ ಅರ್ಥ.